ಆಟ ಬಾಕಿ ಇದ್ದ ಪಂಡಿತರು

ನಮ್ಮ ಶಾಲೆಯ ಹಿಂದಿ ಪಂಡಿತರಷ್ಟು ದೇವರಿಗೆ ಕೆಲಸ ಕೊಟ್ಟವರನ್ನು ನಾನು ಬೇರೆ ನೋಡಿಲ್ಲ. ಬಸ್ಸು ಸಿಕ್ಕಿದರೆ ದೇವರು, ಬಸ್ಸು ತಪ್ಪಿದರೆ ದೇವರು, ಸಿಕ್ಕಿದ ಬಸ್ಸು ಅರ್ಧ ದಾರಿಯಲ್ಲಿ ಪಂಕ್ಚರ್ ಆದರೆ ಅದಕ್ಕೂ ದೇವರೇ. "ಅವನದ್ದೊಂದು ಅಂದಾಜು ಉಂಟು ಟೀಚರೇ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ" ಎಂದು ಹೇಳಿ ಬೋಳು ತಲೆಯ ಮೇಲೆ ಅಂಗೈ ಆಡಿಸಿಕೊಂಡರೆ ಅವರ ಮಟ್ಟಿಗೆ ಆ ವಿಷಯ ಮುಗಿಯಿತು. ನನಗೆ ಅಲ್ಲಿಂದಲೇ ಶುರುವಾಗುತ್ತಿತ್ತು.

ನಾನು ಗಣಿತದವಳು. ಸಾಲದ್ದಕ್ಕೆ ಮೂಡುಬಿದಿರೆಯ ಜೈನರ ಮನೆಯವಳು. ನಮ್ಮ ತೀರ್ಥಂಕರರು ಯಾರ ಬಸ್ಸಿನ ವಿಷಯಕ್ಕೂ ತಲೆ ಹಾಕುವವರಲ್ಲ. ಮಾಡಿದ್ದನ್ನು ಉಣ್ಣುವುದು ಅವರವರ ಕೆಲಸ, ಮೇಲಿಂದ ಯಾರೂ ಕೂತು ಏನೂ ಹೊಂದಿಸುವುದಿಲ್ಲ ಎಂದು ಕೇಳಿ ಬೆಳೆದವಳು ನಾನು. ಅಂಥವಳ ಮೇಜನ್ನು ಹೆಡ್‌ಮಾಸ್ತರು ಪಂಡಿತರ ಮೇಜಿನ ಪಕ್ಕಕ್ಕೇ ಹಾಕಿಸಿದರು. ಶಿರ್ತಾಡಿ ಕಡೆಯ ಆ ಹೈಸ್ಕೂಲಿನ ಟೀಚರ್ಸ್ ರೂಮು ಅಂದರೆ ಒಂದು ಉದ್ದದ ಕೋಣೆ, ಒಂದೇ ಫ್ಯಾನು. ಫ್ಯಾನು ತಿರುಗಿದರೂ ತಿರುಗದಿದ್ದರೂ ನಮ್ಮಿಬ್ಬರ ಚರ್ಚೆ ತಿರುಗುತ್ತಲೇ ಇತ್ತು.

"ನಿಮ್ಮ ದೇವರು ಕೂತಲ್ಲೇ ಕೂತಿದ್ದಾರೆ ಟೀಚರೇ, ಅದು ದೊಡ್ಡ ವಿಷಯ. ನಮ್ಮದಕ್ಕೆ ಪಾಪ, ಓಡಾಟ ಜಾಸ್ತಿ" ಎನ್ನುತ್ತಿದ್ದರು ಅವರು.

"ಓಡಾಡುವವರು ನಿಮ್ಮನ್ನೊಂದು ದಿನ ಸಮಯಕ್ಕೆ ಸರಿಯಾಗಿ ಶಾಲೆಗೆ ಮುಟ್ಟಿಸಲಿ ನೋಡುವ" ಎನ್ನುತ್ತಿದ್ದೆ ನಾನು.

ಅದೊಂದು ಅವರಿಂದ ಆಗುತ್ತಿರಲಿಲ್ಲ. ಗುರುವಾಯನಕೆರೆಯಿಂದ ಬರುವವರು, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಬೇಕು, ಅದರ ನಡುವೆ ಗುರುತಿನವರು ಸಿಕ್ಕಿದರೆ ಮಾತಾಡಿಸಬೇಕು. ಒಮ್ಮೆ ಇಲಾಖೆಯ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಹಿಂದಿ ಕ್ಲಾಸು ಸಂತೆಯಾಗಿದೆ, ಗೇಟಿನಲ್ಲಿ ಕೊಡೆ ಬೀಸಿಕೊಂಡು ಪಂಡಿತರು ಬರುತ್ತಿದ್ದಾರೆ. ಇವರು ಸೀದಾ ಸಾಹೇಬರ ಎದುರು ಬಂದು ಕೈಮುಗಿದು, "ನೋಡಿ ಸಾರ್ ದೇವರ ಅಂದಾಜು! ಮೊದಲಿನ ಬಸ್ಸು ಸಿಕ್ಕಿದ್ದರೆ ನಾನು ಒಳಗೆ ಪಾಠದಲ್ಲಿ ಇರ್ತಿದ್ದೆ, ನಿಮ್ಮನ್ನು ಹೀಗೆ ಎದುರುಗೊಳ್ಳಲಿಕ್ಕೆ ಆಗ್ತಿತ್ತಾ?" ಎಂದರು. ಅದು ಕುಹಕವಲ್ಲ, ನೆಪವೂ ಅಲ್ಲ, ಮನಸ್ಸಿನಿಂದ ಹೇಳಿದ್ದು. ಸಾಹೇಬರಿಗೆ ಬೈಯಲಿಕ್ಕೆ ಹಿಡಿತ ಸಿಗಲಿಲ್ಲ. ಚಹಾ ಕುಡಿದು ಹೋದರು.

ಮನೆಯಂಗಳದಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ತೆಂಗಿನಕಾಯಿ ಬಿದ್ದು ಅದರ ಮುಖ ಚಪ್ಪಟೆಯಾದ ದಿನವೂ ಹಾಗೇ. "ದೇವರು ಅಷ್ಟು ಅಂದಾಜು ಮಾಡುವವನಾದರೆ ಕಾಯಿಯನ್ನು ಎರಡು ಅಡಿ ಆಚೆ ಹಾಕ್ಲಿಕ್ಕಾಗ್ತಿರಲಿಲ್ಲವಾ?" ಎಂದು ಕೇಳಿದೆ.

"ಆಚೆ ನನ್ನ ಹೆಂಡತಿ ಬಟ್ಟೆ ಒಣಗಿಸ್ತಾ ಇದ್ದಳು ಟೀಚರೇ."

"ಈಚೆ ಹಾಕಬಹುದಿತ್ತಲ್ಲ?"

"ಈಚೆ ನಾನೇ ಇದ್ದೆ ಮಾರಾಯ್ರೆ!"

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟಾ?

ಆ ಹೆಂಡತಿ ಸಿಕ್ಕಿದ್ದೂ ಅಂಥದ್ದೇ ಒಂದು ಎಡವಟ್ಟಿನಿಂದ. ಬಂಟ್ವಾಳದ ಹತ್ತಿರದ ನರಿಕೊಂಬಿನಲ್ಲಿ ಒಂದು ಮನೆಗೆ ಹೆಣ್ಣು ನೋಡಲು ಹೋದವರು, ದಾರಿ ತಪ್ಪಿ ಹೊಳೆಬದಿಯ ಇನ್ನೊಂದು ಮನೆಯ ಜಗಲಿ ಹತ್ತಿದ್ದಾರೆ. ಆ ಮನೆಯವರು ಅವತ್ತು ದನ ಕೊಳ್ಳಲು ಬರುವವರನ್ನು ಕಾಯುತ್ತಾ ಇದ್ದರಂತೆ. ಬೆಲ್ಲ ನೀರು ಕೊಟ್ಟು, "ಬನ್ನಿ, ನೋಡುವ" ಎಂದು ಸೀದಾ ದನದ ಹಟ್ಟಿಗೆ ಕರೆದುಕೊಂಡು ಹೋದರು. ಹಟ್ಟಿಯಲ್ಲಿ ಒಬ್ಬಳು ಹುಡುಗಿ ಹುಲ್ಲು ಹಾಕುತ್ತಿದ್ದಳು. ಪಂಡಿತರು ಅಲ್ಲೇ ನಿಂತುಬಿಟ್ಟರು. ನೋಡಬೇಕಾಗಿದ್ದ ಮನೆಯವರಿಗೆ ಆಮೇಲೆ ಕ್ಷಮೆ ಕೇಳಿ ಬರುವಷ್ಟರಲ್ಲಿ ಇವರ ಸೋದರಮಾವನಿಗೆ ಸಾಕೋಸಾಕಾಯಿತಂತೆ. "ಆ ದನ ಕೊನೆಗೂ ವ್ಯಾಪಾರ ಆಗಲಿಲ್ಲ ಟೀಚರ್, ನಾನು ಆದೆ" ಎಂದು ಅಕ್ಕ ಹೇಳಿ ನಗುತ್ತಿದ್ದರು. ಪಂಡಿತರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು.

ಇನ್ನು ಆಟದ ವಿಷಯ. ಆಟ ಎಂದರೆ ನಮ್ಮ ಕಡೆ ಯಕ್ಷಗಾನ. ದೇವಸ್ಥಾನದ ಮೇಳಕ್ಕೆ ಹರಕೆ ಹೇಳಿಕೊಂಡರೆ, ಕಾರ್ಯ ಕೈಗೂಡಿದ ಮೇಲೆ ಮೇಳವನ್ನು ಮನೆಗೆ ಕರೆಸಿ ಊರಿಗೆಲ್ಲ ಊಟ ಹಾಕಿ ಆಟ ಆಡಿಸಬೇಕು. ಹರಕೆ ಹೇಳುವವರು ಎಷ್ಟೋ ಜನ, ಮೇಳಕ್ಕೆ ಇರುವ ದಿನಗಳು ಅಷ್ಟೇ. ಹಾಗಾಗಿ ಪಾಳಿ. ಇವತ್ತು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು, ಅಜ್ಜ ಹೇಳಿದ ಹರಕೆಯನ್ನು ಮೊಮ್ಮಕ್ಕಳು ತೀರಿಸುವುದೂ ಉಂಟು.

ಪಂಡಿತರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಹುದ್ದೆಗೆ ಸರಕಾರದ ಅಪ್ರೂವಲ್ ಬಂದಿರಲಿಲ್ಲ. ಅನುದಾನಿತ ಶಾಲೆಯವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಪಾಠ ಮಾಡುವುದು ಇವರು, ಫೈಲು ಮಲಗುವುದು ಬೆಂಗಳೂರಿನಲ್ಲಿ. ಇವತ್ತು ಬರ್ತದೆ, ನಾಳೆ ಬರ್ತದೆ ಎಂದು ವರ್ಷಗಳು ಹೋದವು. ಕೊನೆಗೆ ಗಂಡಹೆಂಡತಿ ಒಂದು ಆಟ ಹೇಳಿಕೊಂಡರು. ಅಪ್ರೂವಲ್ ಬಂತು. ಸಂತೋಷದಲ್ಲಿ ಓಡಿ ಹೋಗಿ ಮೇಳದ ಕಚೇರಿಯಲ್ಲಿ ಹೆಸರು ಬರೆಸಿದರೆ, ಸಿಕ್ಕಿದ ತಾರೀಖು ಅವರು ರಿಟೈರ್ ಆಗುವ ಹೊತ್ತಿಗೆ! ಕೆಲಸ ಸಿಕ್ಕಿದ್ದಕ್ಕೆ ಆಟ, ಕೆಲಸ ಮುಗಿಯುವಾಗ. ನಾವು ಟೀಚರ್ಸ್ ರೂಮಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು.

ಪಂಡಿತರು ನಗಲಿಲ್ಲ. ಅವರಿಗೆ ಅದರಲ್ಲಿ ದೊಡ್ಡದೊಂದು ಅರ್ಥ ಹೊಳೆದಿತ್ತು. "ನೋಡಿ, ನನ್ನ ಆಟ ಬಾಕಿ ಉಂಟು. ಆಟ ಬಾಕಿ ಇರುವವನನ್ನು ಅಮ್ಮ ಹೇಗೆ ಕರೆಸಿಕೊಳ್ತಾಳೆ? ಅಲ್ಲಿಯವರೆಗೆ ನನಗೆ ಏನೂ ಆಗುವುದಿಲ್ಲ." ಅಮ್ಮ ಎಂದರೆ ಆ ಮೇಳದ ದೇವಿ.

ಆಮೇಲೆ ಈ ಮನುಷ್ಯನಿಗೆ ಹೆದರಿಕೆ ಎನ್ನುವುದೇ ಹೋಯಿತು. ಹಾವು ಬಂದರೆ ಇವರನ್ನು ಕರೆಯುವುದು, ಕರೆಂಟಿನ ತಂತಿ ಬಿದ್ದರೆ ಇವರು ಮುಂದೆ ಹೋಗುವುದು. ನಾವು ಅಂಗಿ ಹಿಡಿದು ಎಳೆಯಬೇಕು. "ಆಟ ಉಂಟಲ್ಲ ಟೀಚರೇ!" ಎಂದು ನಮಗೇ ಸಮಾಧಾನ ಹೇಳುವುದು ಬೇರೆ.

ರಿಟೈರ್ ಆಗುವ ವರ್ಷ ಬಂತು. ಆಟ ಮೇ ತಿಂಗಳಲ್ಲಿ. ಅದಕ್ಕೆ ಮೂರು ತಿಂಗಳು ಮುಂಚೆ, ಒಂದು ಬೆಳಿಗ್ಗೆ ಶಾಲೆಯ ಮೆಟ್ಟಿಲು ಹತ್ತುತ್ತಾ ಪಂಡಿತರು ಅರ್ಧದಲ್ಲೇ ಕೂತರು. ಅಂಗಿಯೆಲ್ಲ ಬೆವರು. "ಎಂತ ಆಯಿತು?" ಎಂದರೆ, "ಎಂತ ಇಲ್ಲ, ಸ್ವಲ್ಪ ಕೂತು ಹೋಗುವ" ಎಂದರು. ನಾವು ಕೇಳಲಿಲ್ಲ. ಕಾರಿಗೆ ಹಾಕಿ ಮೂಡುಬಿದಿರೆಗೆ, ಅಲ್ಲಿಂದ ಮಂಗಳೂರಿಗೆ. ಹೃದಯದ ಮೂರು ಕಡೆ ಬ್ಲಾಕ್. ಡಾಕ್ಟರು ಬೈಪಾಸ್ ಆಗಬೇಕು, ತಿಂಗಳು ದಾಟಿಸುವುದು ಬೇಡ ಎಂದರು. ಮದ್ದು ಕೊಟ್ಟು, ಯೋಚಿಸಿ ಬೇಗ ತಿಳಿಸಿ ಎಂದು ಮನೆಗೆ ಕಳಿಸಿದರು.

ಮಾರನೆಯ ದಿನವೇ ಅಕ್ಕನ ಫೋನು. "ಟೀಚರ್, ಇವರು ಆಪರೇಷನ್ ಬೇಡ ಅಂತ ಕೂತಿದ್ದಾರೆ. ಮಗಳು ಹೇಳಿ ಸೋತಳು. ನೀವು ಒಮ್ಮೆ ಬಂದು ಜಗಳ ಮಾಡಿ. ನಿಮ್ಮ ಜಗಳಕ್ಕೆ ಅವರಲ್ಲಿ ಮರ್ಯಾದೆ ಉಂಟು."

ಹೋದೆ. ಪಂಡಿತರು ಜಗಲಿಯಲ್ಲಿ ಕೂತು ಆರಾಮವಾಗಿ ಕಲ್ಲಂಗಡಿ ತಿನ್ನುತ್ತಿದ್ದರು. "ಬ್ಲಾಕ್ ಅಂತೆ! ಗುರುವಾಯನಕೆರೆಯ ಪೇಟೆಯಲ್ಲಿ ದಿನಾ ಬ್ಲಾಕ್ ಆಗ್ತದೆ ಟೀಚರೇ, ಬಸ್ಸು ನಿಂತು ನಿಂತು ಹೋಗುವುದಿಲ್ಲವಾ?" ಎಂದರು. ಮೇ ತಿಂಗಳಲ್ಲಿ ಆಟ ಇರುವುದರಿಂದ ಅಲ್ಲಿಯವರೆಗೆ ಹೃದಯಕ್ಕೆ ಏನೂ ಆಗುವ ಹಾಗಿಲ್ಲ, ಆಟ ಮುಗಿಸಿ ನಿಧಾನಕ್ಕೆ ನೋಡುವ ಎಂಬುದು ಅವರ ತೀರ್ಮಾನ. ಅಕ್ಕ ಬಾಗಿಲ ಹಿಂದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಒಂದು ಯೋಚನೆ ಬಂತು. ಅಷ್ಟು ವರ್ಷ ಮಕ್ಕಳಿಗೆ ಪ್ರಮೇಯ ಸಾಧಿಸಿ ತೋರಿಸಿದ್ದು ಸುಮ್ಮನೆಯಾ?

"ಪಂಡಿತರೇ, ಆಟದವರೆಗೆ ನಿಮಗೆ ಏನೂ ಆಗುವುದಿಲ್ಲ. ಹೌದಾ ಅಲ್ಲವಾ?"

"ಹೌದು."

"ಆಪರೇಷನ್ ಮಾಡುವಾಗಲೂ ಆಗುವುದಿಲ್ಲ?"

"ಹೇಗೆ ಆಗ್ತದೆ? ಆಟ ಬಾಕಿ ಉಂಟಲ್ಲ."

"ಆಟ ಮುಗಿದ ಮೇಲೆ?"

ಪಂಡಿತರು ಕಲ್ಲಂಗಡಿಯ ಬೀಜ ಉಗಿಯುವುದನ್ನು ನಿಲ್ಲಿಸಿದರು. "ಅದು... ಆಮೇಲಿನದ್ದು ಹೇಳ್ಲಿಕ್ಕಾಗುವುದಿಲ್ಲ."

"ಹಾಗಾದರೆ ಆಪರೇಷನ್‌ಗೆ ಒಳ್ಳೆಯ ಸಮಯ ಯಾವುದು? ಆಟಕ್ಕೆ ಮುಂಚೆಯಾ, ಆಟ ಆದ ಮೇಲೆಯಾ?"

ಬೋಳು ತಲೆಯ ಮೇಲೆ ಅಂಗೈ ಎರಡು ಸಲ ಹೋಗಿ ಬಂತು. "ಅಯ್ಯೋ ದೇವರೇ, ಹೌದಲ್ಲ ಮಾರಾಯ್ರೆ! ಇವಳೇ, ಡಾಕ್ಟರಿಗೆ ಫೋನ್ ಮಾಡು!" ಎಂದು ಕೂಗಿದರು. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ದೇವರ ಅಂದಾಜನ್ನು ನಾನೇ ಬರೆದುಕೊಟ್ಟವಳ ಹಾಗೆ ಬೀಗುತ್ತಾ ಮನೆಗೆ ಬಂದೆ.

ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ಪಂಡಿತರು ಕ್ಷೌರಕ್ಕೆ ಹೋಗುವವರಷ್ಟು ನಿಶ್ಚಿಂತೆಯಲ್ಲಿದ್ದರು. ಡಾಕ್ಟರಿಗೇ ಧೈರ್ಯ ಹೇಳಿದರಂತೆ: "ನೀವು ಕೈ ನಡುಗಿಸಬೇಡಿ ಡಾಕ್ಟ್ರೇ, ನನ್ನ ಆಟ ಮೇ ತಿಂಗಳಲ್ಲಿ." ಡಾಕ್ಟರು ಯಾವ ಆಟ, ಕ್ರಿಕೆಟ್ಟಾ ಎಂದು ಮಗಳನ್ನು ವಿಚಾರಿಸಿದರಂತೆ.

ಅದರ ಹಿಂದಿನ ಗುರುವಾರ ಮೇಳದ ಕಚೇರಿಯಿಂದ ಫೋನು ಬಂತು. ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ಶನಿವಾರ ಆಟ ಇತ್ತು. ಆ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ಸೂತಕದ ಮನೆಯಲ್ಲಿ ಆಟ ಆಗುವುದಿಲ್ಲ. ಶನಿವಾರದ ಆಟ ನೀವು ಮಾಡಿಸ್ತೀರಾ? ನಿಮ್ಮ ಮೇ ತಿಂಗಳ ದಿನ ಅವರಿಗೆ ಕೊಡ್ತೇವೆ. ಪಂಡಿತರು ಅಲ್ಲೇ "ಆಯಿತು" ಎಂದು ಫೋನ್ ಇಟ್ಟರು.

ಈ ಸಲ ಅಕ್ಕ ಫೋನಿನಲ್ಲಿ ಅಳುತ್ತಿದ್ದರು. ಆಟ ಶನಿವಾರ ಮುಗಿದುಹೋಗುತ್ತದೆ, ಆಪರೇಷನ್ ಸೋಮವಾರ. ನನ್ನ ಪ್ರಮೇಯದ ಬುಡಕ್ಕೇ ಕೊಡಲಿ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

"ನಿಮಗೆ ತಲೆ ಸರಿ ಉಂಟಾ ಪಂಡಿತರೇ? ಮೇ ತಿಂಗಳೇ ಇರಲಿ ಅಂತ ಹೇಳಿ. ಈಗಲೇ ಫೋನ್ ಮಾಡಿ" ಎಂದೆ. ಆ ತಾರೀಖಿನಲ್ಲಿ ನನಗೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ ಎಂಬುದು ಆ ಹೊತ್ತಿಗೆ ನನಗೇ ಮರೆತುಹೋಗಿತ್ತು.

ಪಂಡಿತರು ಗಲಾಟೆ ಮಾಡಲಿಲ್ಲ. ಮೆಲ್ಲಗೆ ಹೇಳಿದರು: "ಅವರೂ ನನ್ನ ಹಾಗೆಯೇ ಅಷ್ಟು ವರ್ಷ ಕಾದವರಲ್ಲವಾ ಟೀಚರೇ. ಮನೆಯಲ್ಲಿ ಸಾವು. ಈ ಸಲ ದಿನ ತಪ್ಪಿದರೆ ಅವರಿಗೆ ಮತ್ತೆ ಯಾವ ಕಾಲಕ್ಕೋ. ನನ್ನ ಜೀವ ಗಟ್ಟಿ ಮಾಡಿಕೊಳ್ಳಲಿಕ್ಕೆ ಅವರ ಹರಕೆ ತಪ್ಪಿಸುವುದಾ? ಹಾಗೆ ಮಾಡಿ ಅಮ್ಮನ ಎದುರು ಯಾವ ಮುಖ ಇಟ್ಟುಕೊಂಡು ಹೋಗಲಿ?"

"ಹಾಗಾದರೆ ಆಪರೇಷನ್?" ಎಂದು ಕೇಳಿದೆ. "ನೋಡುವ" ಎಂದರು. ತಲೆಯ ಮೇಲೆ ಕೈ ಹೋಗಲಿಲ್ಲ, ಅಂದಾಜಿನ ಮಾತೂ ಬರಲಿಲ್ಲ. ನನಗೆ ಭಯವಾಗಿದ್ದು ಅದಕ್ಕೆ.

ಎರಡೇ ದಿನದಲ್ಲಿ ಆಟಕ್ಕೆ ತಯಾರಿ ಅಂದರೆ ಅದು ನಮ್ಮ ಕಡೆಯವರಿಗೆ ಮಾತ್ರ ಸಾಧ್ಯ. ಪಕ್ಕದ ಮನೆಯವರು ಗದ್ದೆ ಬಿಟ್ಟುಕೊಟ್ಟರು, ಹಳೆ ವಿದ್ಯಾರ್ಥಿಗಳು ಚಪ್ಪರ ಹಾಕಿದರು, ಹೆಡ್‌ಮಾಸ್ತರು ತರಕಾರಿ ಹೆಚ್ಚುವ ಕಡೆ ಉಸ್ತುವಾರಿಗೆ ಕೂತು ಎಲ್ಲರ ಕೆಲಸ ಕೆಡಿಸಿದರು. ನಾವು ಜೈನರು ಕತ್ತಲಾದ ಮೇಲೆ ಊಟ ಮಾಡುವವರಲ್ಲವಲ್ಲ. ಅಷ್ಟು ಗಡಿಬಿಡಿಯಲ್ಲಿಯೂ ಪಂಡಿತರು ಅಡುಗೆಯವರಿಗೆ ಹೇಳಿ ಸೂರ್ಯ ಮುಳುಗುವ ಮುಂಚೆ, ನೀರುಳ್ಳಿ ಹಾಕದ ಸಾಂಬಾರು ಮಾಡಿಸಿ, ನನಗೊಬ್ಬಳಿಗೇ ಎಲೆ ಹಾಕಿಸಿದ್ದರು. ಊರಿಡೀ ನೋಡುತ್ತಿರುವಾಗ ಒಬ್ಬಳೇ ಕೂತು ಪಾಯಸ ಉಂಡೆ. ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ಮುಸ್ಸಂಜೆಗೆ ವೇಷ ಕಟ್ಟುವ ಚೌಕಿಯಲ್ಲಿ ಪೂಜೆ. ಕಿರೀಟಗಳ ಎದುರು ಪಂಡಿತರು ಕೈಮುಗಿದು ತುಂಬ ಹೊತ್ತು ನಿಂತರು. ಹೊರಗೆ ಬಂದ ಮೇಲೆ, "ಸೋಮವಾರದ್ದು ಬೇಡಿಕೊಂಡಿರಲ್ಲ?" ಎಂದು ಕೇಳಿದೆ.

"ಇಲ್ಲ" ಎಂದರು. "ಇದು ಕೆಲಸ ಕೊಟ್ಟದ್ದಕ್ಕೆ ಮಾಡಿಸಿದ ಆಟ. ಉಪಕಾರ ಹೇಳ್ಲಿಕ್ಕೆ ಬಂದವನು ಹೊಸ ಅರ್ಜಿ ಹಿಡ್ಕೊಂಡು ಬರಬಾರದು ಟೀಚರೇ."

ನನಗೆ ಅವರನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂತು. ಬೇಡಬೇಕಾದಾಗ ಬೇಡದವನು ಇನ್ನೆಂಥ ಭಕ್ತ!

ಸೋಮವಾರ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ. ಬಂದರು. ಹಸಿರು ಅಂಗಿ ತೊಡಿಸಿ ತಳ್ಳುಮಂಚದಲ್ಲಿ ಮಲಗಿಸಿದ್ದರು. ಆ ಅಂಗಿಯಲ್ಲಿ ನಮ್ಮ ಪಂಡಿತರು ಯಾರೋ ಬೇರೆಯವರ ಹಾಗೆ ಕಂಡರು. ಅಕ್ಕ ಕಾಲ ಹತ್ತಿರ ನಿಂತಿದ್ದರು, ನಾನು ತಲೆಯ ಹತ್ತಿರ. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಟೀಚರೇ, ಹೆದರಿಕೆ ಆಗ್ತದೆ."

"ಬೇಡ ಅಂತ ಇದ್ದರೆ ಹೇಳಿ. ವಾಪಸ್ ಹೋಗುವ" ಎಂದೆ. ಆಪರೇಷನ್‌ಗೆ ಒಪ್ಪಿಸಿದವಳೇ ನಾನು!

"ಬೇಡ ಅಂತ ಅಲ್ಲ. ಇಷ್ಟು ವರ್ಷ ನಂಬಿಕೆ ನಂಬಿಕೆ ಅಂತ ನಿಮ್ಮ ತಲೆ ತಿಂದೆನಲ್ಲ. ನಾನು ನಂಬಿದ್ದು ತಾರೀಖನ್ನು. ಮೇಳದವರು ಕೊಟ್ಟ ತಾರೀಖು ಇತ್ತು, ಧೈರ್ಯ ಇತ್ತು. ಅದಕ್ಕೆ ನಂಬಿಕೆ ಅಂತ ಹೇಳ್ತಾರಾ? ಇವತ್ತು ಕೈಯಲ್ಲಿ ಏನೂ ಇಲ್ಲ. ಇವತ್ತೇ ಮೊದಲನೇ ಸಲ ದೇವರನ್ನೇ ನಂಬಿ ಹೋಗುವುದು." ನನ್ನ ಕೈ ಬಿಡುತ್ತಾ, "ಇದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಮಾರಾಯ್ರೆ" ಎಂದರು. ಮಂಚ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು.

ನಮ್ಮ ಜೈನರ ಮಂತ್ರದಲ್ಲಿ ಬೇಡುವುದಕ್ಕೆ ಜಾಗವಿಲ್ಲ. ದೊಡ್ಡವರಿಗೆಲ್ಲ ನಮಸ್ಕಾರ ಹೇಳುವುದು, ಅಷ್ಟೆ. ಅವತ್ತು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನೇ ಹೇಳಿದೆ, ಹೇಳಿ ಮುಗಿದ ಮೇಲೆ ಪ್ರತಿ ಸಲವೂ ಬೇಡಿದೆ. ಯಾರನ್ನು ಎಂದು ಕೇಳಬೇಡಿ. ಕೇಳಿಸಿಕೊಳ್ಳುವವರು ಯಾರಿದ್ದರೂ ಸರಿ, ಇವರೊಬ್ಬರನ್ನು ಹೊರಗೆ ಕಳಿಸಿ ಎಂದೆ. ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಮಧ್ಯಾಹ್ನ ಕಳೆದು ಡಾಕ್ಟರು ಹೊರಗೆ ಬಂದು, "ಎಲ್ಲ ಸರಿಯಾಗಿದೆ" ಎಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ನೋಡಿ, ಏನೋ ಕೆಟ್ಟದಾಗಿದೆ ಎಂದು ಆಚೆಯವರು ನಮಗೆ ನೀರು ತಂದುಕೊಟ್ಟರು.

ವಾರ್ಡಿಗೆ ತಂದ ಮೇಲೆ ಅಕ್ಕ ಮೆಲ್ಲಗೆ ವಿಷಯ ಬಿಟ್ಟರು. "ನಾನು ಇನ್ನೊಂದು ಆಟ ಹೇಳಿಕೊಂಡಿದ್ದೇನೆ."

ಪಂಡಿತರು ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ನಕ್ಕರೆ ನೋವು, ನೋವಾದರೆ ಇನ್ನೂ ನಗು. ಮಗಳು ಹೋಗಿ ಹೆಸರು ಬರೆಸಿ ತಾರೀಖು ತಂದಳು. ಲೆಕ್ಕ ಹಾಕಿ ಹೇಳಿದೆ, ಅಷ್ಟು ಹೊತ್ತಿಗೆ ಪಂಡಿತರಿಗೆ ತೊಂಬತ್ತು ಹತ್ತಿರವಾಗುತ್ತದೆ ಎಂದು. "ಅಷ್ಟು ವರ್ಷ ಇವಳ ಕೈಯ ಗಂಜಿ ಉಣ್ಣಬೇಕಾ!" ಎಂದು ಉದ್ಗಾರ ತೆಗೆದರು. ಆದರೆ ಆ ತಾರೀಖನ್ನು ಹೇಳಿ ಧೈರ್ಯ ಮಾಡುವುದನ್ನು ಅವರು ಮತ್ತೆ ಮಾಡಲಿಲ್ಲ. ಹಾವು ಕಂಡರೆ ನಮ್ಮ ಹಾಗೆಯೇ ಹಾರಿ ದೂರ ನಿಲ್ಲುತ್ತಿದ್ದರು. ದೇವರನ್ನು ನಂಬುವುದು ಮಾತ್ರ ಹೆಚ್ಚಾಗಿತ್ತು, ಅದರ ಬಗ್ಗೆ ಮಾತು ಕಡಿಮೆಯಾಗಿತ್ತು. ನನಗೆ ವಾದಕ್ಕೆ ಯಾರೂ ಇಲ್ಲದೆ ಬೇಸರವಾಗುತ್ತಿತ್ತು.

ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿದು, ಪೇಪರು ಬಿಡಿಸಿಕೊಂಡು, ಕುರ್ಚಿಯಲ್ಲೇ ಹೋದರು. ಆಟ ಇನ್ನೂ ಎಷ್ಟೋ ವರ್ಷ ಆಚೆಗಿತ್ತು.

ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಅಕ್ಕನನ್ನು ನೋಡಲು ಹೋದೆ. ದಾರಿಯುದ್ದಕ್ಕೂ ಅಂಜಿಕೆ. ಅಕ್ಕ ಪಂಡಿತರಿಗೋಸ್ಕರ ಹೇಳಿಕೊಂಡ ಹರಕೆ, ಅದನ್ನು ದೇವರು ಹೀಗೆ ನಡುವಿನಲ್ಲಿ ಬಿಟ್ಟುಬಿಟ್ಟನಲ್ಲ, ಏನು ಹೇಳಿ ಸಮಾಧಾನ ಮಾಡುವುದು? ಹೋಗಿ ನೋಡಿದರೆ ಅಕ್ಕ ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನನ್ನನ್ನು ನೋಡಿ ಎದ್ದೇಳಲಿಲ್ಲ. ಪಕ್ಕದ ಮಣೆ ತೋರಿಸಿದರು.

"ಮೊದಲು ಏನೂ ಸೇರ್ತಿರಲಿಲ್ಲ ಟೀಚರ್" ಎಂದರು. "ಇನ್ನು ಯಾರಿಗೆ ಅಂತ ಉಣ್ಣುವುದು ಅಂತ ಕೂತಿದ್ದೆ. ಮತ್ತೆ ಯೋಚನೆ ಬಂತು. ಆಟ ಹೇಳಿಕೊಂಡದ್ದು ಯಾರು? ನಾನು. ಬರೆಸಿದ್ದು ಯಾರ ಹೆಸರಿನಲ್ಲಿ? ನನ್ನ ಹೆಸರಿನಲ್ಲಿ. ಅವರನ್ನು ಆವತ್ತು ಹೊರಗೆ ಕಳಿಸಿಕೊಟ್ಟಳಲ್ಲ ಅಮ್ಮ, ಅದಕ್ಕೆ ನಾನು ಆಟ ಮಾಡಿಸ್ಲಿಕ್ಕುಂಟು. ಅಲ್ಲಿಯವರೆಗೆ ನಾನು ಇರಬೇಕಲ್ಲ."

ನಾನು ಮಣೆಯ ಮೇಲೆ ಕೂತೆ. ಅವರ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂತು. ಎಡಗೈಯಲ್ಲಿ ಒರೆಸಿಕೊಂಡರು.

"ಇವರಿಲ್ಲದೆ ಅಷ್ಟು ವರ್ಷ ಟೀಚರ್, ಹೇಗೆ ಅಂತ ಗೊತ್ತಿಲ್ಲ" ಎಂದರು. ಬಟ್ಟಲನ್ನು ನನ್ನ ಕಡೆ ಸರಿಸಿದರು. "ಇನ್ನೊಂದು ಸೌಟು ಹಾಕಿ."